ಸಣ್ಣಯ್ಯ ಕೆಡವಿದ ಚಪ್ಪರಗಳು

ಸಣ್ಣಯ್ಯನನ್ನು ನಾನು ಮೊದಲ ಸಲ ಸರಿಯಾಗಿ ನೋಡಿದಾಗ ಅವನು ತಾನೇ ನಿಲ್ಲಿಸಿದ್ದ ಕಬ್ಬಿಣದ ಕಂಬವನ್ನು ಸುತ್ತಿಗೆಯಿಂದ ಬಡಿದು ಕೆಡವುತ್ತಿದ್ದ. ಅದೂ ನಮ್ಮ ಮನೆಯ ಅಂಗಳದಲ್ಲಿ. 1992ರ ಬೇಸಿಗೆ. ಬಾಣಾವರದ ಅಂಚೆ ಕಚೇರಿಯಲ್ಲಿ ನಾನು ಗುಮಾಸ್ತ. ಊರಿನವರ ಬಾಯಲ್ಲಿ ಮಾತ್ರ ಪೋಸ್ಟ್ ಮಾಸ್ಟ್ರು. ನಮ್ಮ ಮನೆ ಕಚೇರಿಯ ಎದುರಿಗೇ ಇತ್ತು, ಬಾಗಿಲು ಪಡುವಣಕ್ಕೆ. ಸಂಜೆ ಬಿಸಿಲು ಅಡುಗೆಮನೆಯ ತನಕ ನುಗ್ಗುತ್ತಿತ್ತು. ಅಂಗಳಕ್ಕೆ ಒಂದು ಶೀಟಿನ ಚಪ್ಪರ ಹಾಕಿಸೋಣವೆಂದು, ಎದುರು ಸಾಲಿನಲ್ಲಿ ಮೂರು ಮನೆ ಆಚೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅವನಿಗೆ ಹೇಳಿದ್ದೆ. ಬೆಳಿಗ್ಗೆ ನಾಲ್ಕು ಕಂಬ ನಿಂತಿದ್ದವು. ಮಧ್ಯಾಹ್ನ ಊಟಕ್ಕೆ ಬಂದರೆ ಒಂದು ನೆಲದಲ್ಲಿ ಬಿದ್ದಿದೆ, ಇನ್ನೊಂದಕ್ಕೆ ಏಟು ಬೀಳುತ್ತಿದೆ. ಅವನ ಹೆಂಡತಿಯ ತಮ್ಮ ತಿಮ್ಮೇಶ್ ಗೋಡೆಗೆ ಒರಗಿ ಕೆನ್ನೆ ಹಿಡಿದುಕೊಂಡಿದ್ದ. ಕೈ ತೆಗೆದಾಗ ನೋಡಿದೆ, ಐದು ಬೆರಳೂ ಮೂಡಿದ್ದವು.

"ಏನಯ್ಯಾ ಇದು?" ಅಂದೆ.

"ಬೆಸುಗೇನ ಮ್ಯಾಲ್‌ಮ್ಯಾಲೆ ಸವರವ್ನೆ ಪೋಸ್ಟ್ ಮಾಸ್ಟ್ರೇ. ನೋಡಾಕೆ ಚೆಂದಾಗೈತೆ, ಒಳಗೆ ಹಿಡ್ಕಂಡಿಲ್ಲ. ಗಾಳಿ ಮ್ಯಾಲಿಂದ ಬತ್ತದೆ ಅಂದ್ಕಂಡವ್ರೆ ಎಲ್ರೂ. ಅದು ಶೀಟಿನ ಅಡೀಗೆ ನುಗ್ಗಿ ಎತ್ತಿ ಒಗೀತದೆ. ಆಗ ಇದು ಬಿಟ್ಕಂಡು ನಿಮ್ಮ ತಲೆ ಮ್ಯಾಲೆ ಬಿದ್ರೆ, ನಾನು ಬಂದು ಅಳಬೇಕಾ?"

ನಾಲ್ಕನ್ನೂ ಕೆಡವಿ, ನಾಲ್ಕನ್ನೂ ಮತ್ತೆ ನಿಲ್ಲಿಸಿದ. ಪೈಪಿನ ಮೇಲ್ಬಾಯಿಗೆ ತಗಡಿನ ಬಿಲ್ಲೆ ಬೆಸೆದು ಮುಚ್ಚಿದ, ಮಳೆನೀರು ಒಳಗಿಳಿಯಬಾರದೆಂದು. ಬುಡದಲ್ಲಿ ಸಿಮೆಂಟನ್ನು ನೆಲದಿಂದ ಗೇಣುದ್ದ ಎತ್ತರಿಸಿ, ನೀರು ಸುತ್ತ ಜಾರಿಹೋಗುವಂತೆ ಇಳಿಜಾರಾಗಿ ಮೆತ್ತಿದ. ಶೀಟಿನ ತಗ್ಗಿನಲ್ಲಿ ಬೋಲ್ಟು ಹಾಕಲು ಹೋದ ತಿಮ್ಮೇಶ್‌ಗೆ ಇನ್ನೊಂದು ಏಟು ಬಿತ್ತು. ನೀರು ಹರಿಯುವುದು ತಗ್ಗಿನಲ್ಲಿ, ತೂತು ಬೀಳಬೇಕಾದದ್ದು ಉಬ್ಬಿನಲ್ಲಿ. ಹೋಗುವಾಗ ನನಗೂ ಗದರಿದ: "ಕಂಬಕ್ಕೆ ಹಸ ಕಟ್ಟೀರಾ ಮತ್ತೆ! ಗಂಜಲ ಕಬ್ಬಿಣಾನ ತಿಂದಾಕ್ತದೆ. ಎಲ್ಡು ವರ್ಸಕ್ಕೆ ಒಂದ್ಸಲ ಬಣ್ಣ ಬಳೀರಿ. ಇಪ್ಪತ್ತು ವರ್ಸ ನಿಲ್ತದೆ. ಬಳೀಲಿಲ್ಲ ಅಂದ್ರೆ ನನ್ನ ಕೇಳ್ಬ್ಯಾಡಿ."

ಅವನ ಕೈ ಮಾತಿಗಿಂತ ಮುಂದೆ ಓಡುತ್ತಿತ್ತು. ಕುಳ್ಳ ಆಳು, ಕುತ್ತಿಗೆಯೇ ಇಲ್ಲವೇನೋ ಎಂಬಂತೆ ತಲೆ ಭುಜದ ಮೇಲೆ ಕೂತಿತ್ತು. ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಕಂಡಕ್ಟರೊಬ್ಬ ಮುದುಕಿಯನ್ನು ಇಳಿಸಿದನೆಂದು ಅವನ ಮೂಗು ಒಡೆದು, ಅದೇ ಮುದುಕಿಯಿಂದಲೇ ಬೈಸಿಕೊಂಡು ಬಂದಿದ್ದ. ಕಬ್ಬಿಣ ತಂದುಕೊಟ್ಟವನೊಬ್ಬ ತೂಕದಲ್ಲಿ ಮೋಸ ಮಾಡಿದಾಗ ಅವನ ಗಾಡಿಯ ಗಾಜು ಪುಡಿಯಾಗಿತ್ತು. ಸಣ್ಣಯ್ಯನ ಹೆಂಡತಿ ರುದ್ರಮ್ಮ ನಮ್ಮ ಮನೆಯವಳ ಹತ್ತಿರ ಹೇಳುತ್ತಿದ್ದಳು: "ನನ್ ಮ್ಯಾಲೆ ಒಂದಿನಾನೂ ಕೈ ಎತ್ತಿಲ್ಲ ಕಣಮ್ಮಾ. ಮಿಕ್ಕಿದ ಊರೆಲ್ಲ ಏಟು ತಿಂದೈತೆ."

ತಿಮ್ಮೇಶ್ ಹೆಚ್ಚು ತಿಂದವನು. ಆದರೂ ಬಿಟ್ಟು ಹೋಗಲಿಲ್ಲ. ಅಕ್ಕನ ಮನೆಯ ಅನ್ನ, ಕಲಿಯಲು ಕೆಲಸ. ನಯವಾದ ಮಾತಿನವನು, ಗಿರಾಕಿಗಳಿಗೆ ಅವನೆಂದರೆ ಇಷ್ಟ.

1996ರಲ್ಲಿ ಸಣ್ಣಯ್ಯನಿಗೆ ವಿಷಮಶೀತ ಜ್ವರ ಬಂತು. ಎರಡು ತಿಂಗಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದ. ಎದ್ದು ನಿಂತರೆ ಮೊಣಕಾಲು ನಡುಗುತ್ತಿತ್ತು. ಆ ಎರಡು ತಿಂಗಳು ಕೆಲಸವೆಲ್ಲ ತಿಮ್ಮೇಶನದೇ. ಹಳೇಬೀಡು, ಬೇಲೂರು, ಅರಸೀಕೆರೆ ಕಡೆ ಸುತ್ತಿ ಏಳು ಮನೆಗೆ ಚಪ್ಪರ ಹಾಕಿ ಬಂದ. ಊರಿನವರು, ಹುಡುಗ ಕೈಗೆ ಬಂದ ಅಂದರು.

ಎರಡು ವರ್ಷ ಏನೂ ಆಗಲಿಲ್ಲ.

1998ರ ಏಪ್ರಿಲ್‌ನಲ್ಲಿ, ಯುಗಾದಿ ಕಳೆದು ಎರಡು ವಾರಕ್ಕೆ, ಒಂದು ಸಂಜೆ ನಾಲ್ಕರ ಸುಮಾರಿಗೆ ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ಮೊದಲು ಬಂತು, ಮಳೆ ಆಮೇಲೆ. ಬಾಣಾವರದಲ್ಲೇ ಎರಡು ತೆಂಗಿನಮರ ತಂತಿಯ ಮೇಲೆ ಬಿದ್ದವು. ಹಳೇಬೀಡಿನಲ್ಲಿ ಅದು ಕೆರೆಯ ಬಯಲನ್ನು ದಾಟಿ ಊರಿಗೆ ನುಗ್ಗಿತು. ಕೆರೆಯ ಕಡೆ ಮುಖವಿದ್ದ ಮೊದಲ ಸಾಲಿನಲ್ಲಿ ಕೊಬ್ಬರಿ ವ್ಯಾಪಾರಿ ಮರಿಯಣ್ಣನ ಮನೆ. ಮುಂದೆ ಉದ್ದಕ್ಕೆ ತಿಮ್ಮೇಶ್ ಹಾಕಿದ್ದ ಶೀಟಿನ ಚಪ್ಪರ. ಅದರ ಅಡಿ ಮರಿಯಣ್ಣನ ತಾಯಿ ಕೆಂಚಮ್ಮ ಮೊರ ಇಟ್ಟುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮಳೆ ಬಂತೆಂದು ಉಳಿದವರು ಹೊರಗಿದ್ದ ಕೊಬ್ಬರಿ ಎತ್ತಲು ಓಡಿದರು. ಅಜ್ಜಿ ಎದ್ದಿರಲಿಲ್ಲ, ತಲೆ ಮೇಲೆ ಚಪ್ಪರ ಇತ್ತಲ್ಲ.

ಗಾಳಿ ಅಡಿಗೆ ನುಗ್ಗಿ ಎತ್ತಿತು. ಮುಂದಿನ ಎರಡು ಕಂಬಗಳು ಬುಡದಲ್ಲಿ ಮುರಿದವು. ಇಡೀ ಚಪ್ಪರ ಆಳೆತ್ತರ ಮೇಲೆದ್ದು, ಒಂದು ಕ್ಷಣ ನಿಂತು, ಹಿಂದಕ್ಕೆ ಮಡಚಿಕೊಂಡು ಬಿತ್ತು ಎಂದು ನೋಡಿದವರು ಹೇಳಿದರು. ಅಡ್ಡ ಪೈಪು ಕೆಂಚಮ್ಮನ ಕುತ್ತಿಗೆಗೆ ಬಿತ್ತು. ಶೀಟು ಎತ್ತಿ ತೆಗೆದಾಗ ಆಕೆಯ ಕೈಯಲ್ಲಿ ಹುಣಸೆಹಣ್ಣು ಹಾಗೇ ಇತ್ತಂತೆ.

ಸುದ್ದಿ ಬಾಣಾವರಕ್ಕೆ ಬಂದದ್ದು ಮರುದಿನ ಬೆಳಿಗ್ಗೆ, ಜಾವಗಲ್ಲಿನ ಬಸ್ಸಿನಲ್ಲಿ. ಅದು ವಾಪಸ್ ಹೊರಟಾಗ ಸಣ್ಣಯ್ಯ ಅದೇ ಬಸ್ಸು ಹತ್ತಿದ. ಅಂಗಡಿಯಲ್ಲಿ ತಿಮ್ಮೇಶ್ ಇರಲಿಲ್ಲ. ಸುದ್ದಿ ಕೇಳುತ್ತಲೇ ಊರು ಬಿಟ್ಟಿದ್ದ.

"ಒಬ್ರೇ ಹೋಗ್ಬ್ಯಾಡಿ, ಜನ ಸುಮ್ನಿರಲ್ಲ" ಎಂದು ರುದ್ರಮ್ಮ ಬಸ್ಸಿನ ತನಕ ಹಿಂದೆ ಓಡಿದಳು.

"ಚಪ್ಪರ ನಂದು. ನಾನೇ ಹೋಗ್ಬೇಕು" ಅಂದನಂತೆ.

ಹೆಣ ಇನ್ನೂ ಅಂಗಳದಲ್ಲಿತ್ತು. ನೂರು ಜನ ಸೇರಿದ್ದರು. ಸಣ್ಣಯ್ಯ ಹೆಣದ ಮುಂದೆ ಕೈಮುಗಿಯಬೇಕಿತ್ತು. ಅವನ ಕಣ್ಣು ಮುರಿದ ಕಂಬದ ಬುಡಕ್ಕೆ ಹೋಯಿತು. ನೇರ ಅಲ್ಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ನೆಲದಿಂದ ಎದ್ದಿದ್ದ ಮೋಟಿನೊಳಗೆ ಬೆರಳು ತೂರಿಸಿದ. ಬೆರಳು ಒಳಗೋಡೆಯನ್ನು ಕೆರೆದಾಗ ತುಕ್ಕು ಪುಡಿಪುಡಿಯಾಗಿ ಉದುರಿತು. ಪೈಪಿನ ಗೋಡೆ ಕಾಗದದಷ್ಟು ತೆಳುವಾಗಿತ್ತು. ಬುಡದಲ್ಲಿ ಸಿಮೆಂಟು ಎತ್ತರಿಸಿರಲಿಲ್ಲ, ತಗ್ಗಾಗಿ ಬಿಟ್ಟಿದ್ದರು. ಬಚ್ಚಲ ನೀರು ಎರಡು ವರ್ಷ ಅಲ್ಲೇ ನಿಂತಿತ್ತು.

"ಅವ್ವ ಸತ್ತು ಬಿದ್ದವ್ಳೆ, ಇವ್ನು ಕಬ್ಬಿಣ ನೋಡ್ತಾವ್ನಲ್ರೋ!" ಎಂದು ಯಾರೋ ಕೂಗಿದರು.

ಮೊದಲ ಒದೆ ಬೆನ್ನಿಗೆ ಬಿತ್ತು. ಆಮೇಲೆ ಎಣಿಸುವಂತಿರಲಿಲ್ಲ. ಮುರಿಯದೆ ಉಳಿದಿದ್ದ ಹಿಂದಿನ ಕಂಬಕ್ಕೆ ಅವನನ್ನು ತೆಂಗಿನ ಹಗ್ಗದಲ್ಲಿ ಕಟ್ಟಿದರು. ಮರಿಯಣ್ಣ ತೆಂಗಿನ ಮಟ್ಟೆ ತೆಗೆದುಕೊಂಡು, ಅದು ಸೀಳಿ ನಾರಾಗುವ ತನಕ ಹೊಡೆದ. ಆಮೇಲೆ ಇನ್ನೊಂದು ಮಟ್ಟೆ ತಂದುಕೊಟ್ಟರು. ಎಡಕಿವಿಯ ಮೇಲೆ ಬಿದ್ದ ಏಟಿಗೆ ಕಿವಿಯಿಂದ ರಕ್ತ ಇಳಿಯಿತು. ಎರಡು ಪಕ್ಕೆಲುಬು ಮುರಿದವು. ಮಾತಿಗೆ ಮೊದಲು ಕೈ ಎತ್ತುತ್ತಿದ್ದ ಆ ಮನುಷ್ಯ, ಕಟ್ಟುವ ಮೊದಲೂ ಒಬ್ಬನ ಮೇಲೂ ಕೈ ಎತ್ತಲಿಲ್ಲವಂತೆ. ಪೊಲೀಸಿನವರು ಬಂದು ಹಗ್ಗ ಬಿಚ್ಚಿದಾಗ ಬಿದ್ದವನು ಹೆಣದ ಕಡೆ ತೆವಳಿ, ಮಣ್ಣಿಗೆ ಹಣೆ ಹಚ್ಚಿದ. ಮರಿಯಣ್ಣ ಅವನ ಕೈ ತುಳಿದು ದೂರ ತಳ್ಳಿದ.

ಹಾಸನದ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದ. ಒಂಬತ್ತನೆಯ ದಿನ ರುದ್ರಮ್ಮ ಅವನನ್ನು ಬಸ್ಸಿನಲ್ಲಿ ಕರೆತಂದಳು. ಅಷ್ಟರಲ್ಲಿ ತಿಮ್ಮೇಶ್ ವಾಪಸ್ಸಾಗಿದ್ದ. ಅಕ್ಕನೇ ಕರೆಸಿದ್ದಳು, ಭಾವನ ಕಾಲು ಹಿಡಿದುಕೊಳ್ಳಲಿ ಎಂದು. ಮಧ್ಯಾಹ್ನ ಒಂದೂವರೆ. ನಾನು ಊಟ ಮುಗಿಸಿ ಕಚೇರಿಗೆ ಹೊರಟಿದ್ದೆ, ಅಂಗಡಿಯ ಮುಂದೆ ಭಾವ, ಭಾಮೈದ ಇಬ್ಬರೂ ನಿಂತಿದ್ದನ್ನು ಕಂಡು ಮಾತಾಡಿಸೋಣವೆಂದು ಹತ್ತಿರ ಹೋದೆ. ಹಾಗಾಗಿ ಅಲ್ಲಿ ನಡೆದದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು.

"ಎಲ್ಲಿಂದ ತಂದ್ಯೋ ಆ ಪೈಪ್ನ?" ಸಣ್ಣಯ್ಯನ ದನಿ ತಗ್ಗಿತ್ತು.

"ಅರಸೀಕೆರೇಲಿ ಹಳೇ ಗೋಡೌನ್ ಕಿತ್ತಾಕ್ತಿದ್ರು ಭಾವ. ಗುಜರಿ. ತುಕ್ಕು ಉಜ್ಜಿ, ಕೆಂಪು ಬಣ್ಣ ಹೊಡ್ದು, ಮ್ಯಾಲೆ ಬೆಳ್ಳಿ ಬಣ್ಣ ಎಲ್ಡು ಕೋಟು ಹೊಡ್ದೆ."

"ಏಳು ಮನೆಗೂ ಅದೇನಾ?"

"ಹೂಂ."

ತಿಮ್ಮೇಶ್ ಅಲ್ಲಿಗೆ ಬಿಟ್ಟಿದ್ದರೆ ಬಹುಶಃ ಒಂದು ಕೆನ್ನೆಯೇಟಿನಲ್ಲಿ ಮುಗಿಯುತ್ತಿತ್ತು. ಅವನು ಅಳುತ್ತ ಅಂದ: "ನೀವೂ ನೋಡಿದ್ರಲ್ಲ ಭಾವ. ಮಲಗಿದ್ದೋರು ಎದ್ದು ಬಂದು ತಟ್ಟಿ ನೋಡಿದ್ರಿ. ಏನೂ ಅನ್ಲಿಲ್ಲ."

ಬೆಂಚಿನ ಮೇಲಿದ್ದ ಸುತ್ತಿಗೆ ಯಾವಾಗ ಸಣ್ಣಯ್ಯನ ಕೈಗೆ ಬಂತೋ ತಿಳಿಯಲಿಲ್ಲ. ಮೊದಲ ಏಟು ಬಲಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ರಸ್ತೆಯಾಚೆಗೂ ಕೇಳಿತು. ಎರಡನೆಯದು ದವಡೆಗೆ. ತಿಮ್ಮೇಶ್ ಕಬ್ಬಿಣದ ಚೂರುಗಳ ಮೇಲೆ ಬಿದ್ದ. ಮೂರನೆಯದು ಅದೇ ಬಲಗೈಗೆ, ಮೊಣಕೈಯಿಂದ ಕೆಳಗೆ. ನಾಲ್ಕನೆಯದಕ್ಕೆ ಎತ್ತಿದಾಗ ನಾನು ಹಿಂದಿನಿಂದ ತಬ್ಬಿಕೊಂಡೆ. ಅವನ ಮೊಣಕೈ ನನ್ನ ಎದೆಗೆ ಬಡಿದು ನಾನು ಕೆಳಗೆ ಬಿದ್ದೆ, ಕನ್ನಡಕ ಒಡೆಯಿತು. ಅಷ್ಟರಲ್ಲಿ ರುದ್ರಮ್ಮ ಒಳಗಿಂದ ಓಡಿಬಂದು ತಮ್ಮನ ಮೇಲೆ ಕವುಚಿ ಬಿದ್ದಳು.

"ಹೊಡೀರಿ! ನನ್ನೂ ಹೊಡೀರಿ!" ಎಂದು ಕಿರುಚಿದಳು.

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅವನು ಅದನ್ನು ಕೆಳಗಿಟ್ಟು, ರಸ್ತೆ ದಾಟಿ, ನಮ್ಮ ಮನೆಯ ಚಪ್ಪರದ ಕೆಳಗೆ ಹೋಗಿ ಕೂತ. ಪೊಲೀಸಿನವರು ಬರುವ ತನಕ ಅಲ್ಲೇ ಇದ್ದ.

ಕೋರ್ಟಿನಲ್ಲಿ ನಾನು ಸಾಕ್ಷಿ. ನೋಡಿದ್ದನ್ನು ಹೇಳಿದೆ. ಹೊಡೆಯುವ ಮೊದಲು ತಿಮ್ಮೇಶ್ ಏನಂದ ಎಂದು ವಕೀಲರು ಕೇಳಿದಾಗ ಅದನ್ನೂ ಹೇಳಿದೆ. ಸಣ್ಣಯ್ಯ ತಲೆ ತಗ್ಗಿಸಿ ಕೇಳಿಸಿಕೊಂಡ. ಮೂರು ವರ್ಷ ಸಜೆಯಾಯಿತು. ಮರಿಯಣ್ಣ ಹಾಕಿದ ಕೇಸು ತಿಮ್ಮೇಶನ ಮೇಲೆ ಬೇರೆಯಾಗಿ ನಡೆದು, ಅವನೂ ಕೆಲವು ತಿಂಗಳು ಒಳಗಿದ್ದು ಬಂದ. ಅವನ ಬಲಗೈ ಭುಜದಿಂದ ಮೇಲೇಳದಾಯಿತು. ದವಡೆ ಓರೆಯಾಗಿ ಕೂಡಿ, ಮಾತು ತೊದಲಿತು.

ರುದ್ರಮ್ಮ ತಮ್ಮನಿಗೆ ಚಮಚದಲ್ಲಿ ಗಂಜಿ ಕುಡಿಸಿದಳು, ತಿಂಗಳಿಗೊಮ್ಮೆ ಮೈಸೂರಿನ ಜೈಲಿಗೆ ಹೋಗಿ ಗಂಡನನ್ನು ನೋಡಿ ಬಂದಳು. ಹೋದರೂ ಮಾತಾಡುತ್ತಿರಲಿಲ್ಲವಂತೆ. ಚಕ್ಕುಲಿಯ ಪೊಟ್ಟಣ ಕೊಟ್ಟು, ಸುಮ್ಮನೆ ನಿಂತು, ಹೊತ್ತಾದ ಮೇಲೆ ಬಂದುಬಿಡುತ್ತಿದ್ದಳು. 2001ರ ಕೊನೆಗೆ ಅವನು ಬಿಡುಗಡೆಯಾಗಿ ಬಂದ ಮೇಲೂ ಒಂದು ವರ್ಷ ಹಾಗೇ ನಡೆಯಿತು. ತಟ್ಟೆ ಇಡುವಳು, ಬಡಿಸುವಳು. ಮಾತಿಲ್ಲ. ಒಂದು ದಿನ ಅವನು ಮುದ್ದೆ ಮುರಿಯುತ್ತಿದ್ದಾಗ ತಾನೇ ಅಂದಳು: "ನನ್ ತಮ್ಮನ್ಗೆ ಮುದ್ದೇನೂ ನುಂಗಾಕಾಗಲ್ಲ ಈಗ. ನೀವು ತಿನ್ನಿ." ಅವನು ಎದ್ದು ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡ. ಆ ದಿನದಿಂದ ಅವರ ನಡುವೆ ಮಾತು ಶುರುವಾಯಿತು.

ಅದೇ ವಾರ ನನ್ನ ಹತ್ತಿರ ಬಂದ. ನಮ್ಮ ಜಗಲಿಯ ಮೇಲೆ ಕೂತು, ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ, ಹೇಳಿದ: "ತಿಮ್ಮೇಶ ಅಂದಿದ್ದು ದಿಟ ಪೋಸ್ಟ್ ಮಾಸ್ಟ್ರೇ. ಜ್ವರದಾಗೆ ಎದ್ದು ಬಂದು ಪೈಪಿಗೆ ಮೊಳೇಲಿ ತಟ್ಟಿದ್ದೆ. ಒಳ್ಳೇ ಪೈಪು ಗಂಟೆ ಬಾರಿಸ್ದಂಗೆ ಅಂತದೆ. ಇದು ಮಡಕೆ ಒಡದಂಗಂತು. ಗೊತ್ತಾಯ್ತು. ಬಯ್ಬೇಕಿತ್ತು. ಸುಸ್ತಾಗಿತ್ತು, ಹೋಗಿ ಮಲೀಕಂಡೆ. ನಾನು ಹೊಡ್ದಿದ್ದು ಅವನ್ನಲ್ಲ, ನನ್ನೇ."

ಹೋಗಲು ಎದ್ದವನು ನಮ್ಮ ಚಪ್ಪರದ ಕಂಬವನ್ನೊಮ್ಮೆ ಬೆರಳ ಗೆಣ್ಣಿನಿಂದ ತಟ್ಟಿದ.

"ಇನ್ನೂ ಆರು ಮನೆ ಐತೆ" ಅಂದ.

ಆ ಆರು ಮನೆಗೂ ಅವನು ಹೋದ. ಎರಡು ಕಡೆ, ಹಳೇಬೀಡಿನ ಸುದ್ದಿ ಕೇಳಿದಾಗಲೇ ಮನೆಯವರು ಚಪ್ಪರ ಇಳಿಸಿಬಿಟ್ಟಿದ್ದರು. ಇನ್ನೆರಡು ಕಡೆ ಬೈದರೂ ಒಪ್ಪಿದರು. ಹಳೆಯ ಕಂಬ ತೆಗೆದು ಹೊಸದನ್ನು ತನ್ನ ಖರ್ಚಿನಲ್ಲೇ ನಿಲ್ಲಿಸಿಕೊಟ್ಟ. ಉಳಿದದ್ದು ಎರಡು ಮನೆ. ಬೇಲೂರಿನಲ್ಲೊಂದು, ಅರಸೀಕೆರೆಯ ಹತ್ತಿರ ಒಂದು ಹಳ್ಳಿಯಲ್ಲಿ ಇನ್ನೊಂದು.

ಬೇಲೂರಿನದು ಸಂಪತ್ಕುಮಾರ್ ಎಂಬ ಗುಮಾಸ್ತರ ಮನೆ. ಅವರ ಹೆಂಡತಿ ಚೆಲುವಾಂಬ ಚಪ್ಪರದ ಅಡಿ ಸಂಜೆ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಇಪ್ಪತ್ತು ಮಕ್ಕಳು ಚಾಪೆ ಹಾಸಿಕೊಂಡು ಕೂರುವ ಜಾಗ. ಸಣ್ಣಯ್ಯ ಎರಡು ಸಲ ಹೋಗಿ ಕೇಳಿದ. ಸಂಪತ್ಕುಮಾರ್ ಗೇಟು ತೆರೆಯಲಿಲ್ಲ. "ಜೈಲಿಂದ ಬಂದವನನ್ನ ಮನೆ ಒಳಗೆ ಬಿಟ್ಕೊಳಕ್ಕೆ ಆಗಲ್ಲಪ್ಪ. ಬಣ್ಣ ಹೊಡೆಸಿದೀವಿ, ಗಟ್ಟಿಯಾಗೇ ಇದೆ. ಮತ್ತೆ ಬಂದ್ರೆ ಕಂಪ್ಲೇಂಟ್ ಕೊಡ್ತೀನಿ."

2003ರ ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ, ಮಕ್ಕಳಿಲ್ಲದ ಹೊತ್ತು ನೋಡಿ, ಸಣ್ಣಯ್ಯ ದೊಡ್ಡ ಸುತ್ತಿಗೆ ಹೆಗಲಿಗೇರಿಸಿ ಕಾಂಪೌಂಡು ಹಾರಿದ. "ಒಳಗೇ ಇರಿ, ಯಾರೂ ಈಚೆ ಬರ್ಬ್ಯಾಡಿ!" ಎಂದು ಕೂಗಿ, ಮೂಲೆಯ ಕಂಬದ ಬುಡಕ್ಕೆ ಒಂದು ಏಟು ಹಾಕಿದ. ಸಂಪತ್ಕುಮಾರ್ ಕಿರುಚುತ್ತ ಹೊರಗೆ ಬಂದರು. ಪಕ್ಕದ ಮನೆಯ ಗಂಡಸರು ಗೋಡೆ ಹಾರಿ ಬಂದರು. ಎರಡನೆಯ ಏಟಿಗೆ ಕಂಬ ಬಾಗಿತು. ಒಬ್ಬ ಅವನ ಕೂದಲು ಹಿಡಿದು ಹಿಂದಕ್ಕೆ ಎಳೆದ, ಇನ್ನೊಬ್ಬ ಗುದ್ದಲಿಯ ಹಿಡಿಯಿಂದ ಬೆನ್ನಿಗೆ ಹೊಡೆದ. ಸಣ್ಣಯ್ಯ ಕಂಬ ಬಿಡಲಿಲ್ಲ. ಹೊಡೆಸಿಕೊಳ್ಳುತ್ತಲೇ ಮೂರನೆಯ ಏಟು ಹಾಕಿದ. ಸುತ್ತಿಗೆ ಪೈಪಿನೊಳಗೆ ಹಪ್ಪಳಕ್ಕೆ ಬಿದ್ದಂತೆ ಇಳಿಯಿತು. ಕಂಬ ಕಳಚಿತು. ಚಪ್ಪರದ ಆ ಮೂಲೆ ಕಿರುಗುಟ್ಟುತ್ತ ಇಳಿದು, ಅಂಗಳದ ಚಾಪೆಯ ಸುರುಳಿಗಳ ಮೇಲೆ ಧಡಾರನೆ ಬಿತ್ತು.

ಆಮೇಲೆ ಅವನನ್ನು ನೆಲಕ್ಕೆ ಕೆಡವಿ ಹೊಡೆದರು. ಬಾಯಿಗೆ ಬಿದ್ದ ಒದೆಗೆ ಮುಂದಿನ ಹಲ್ಲು ಎರಡು ಹೋದವು. ಸಂಪತ್ಕುಮಾರ್ ಸಾಧು ಮನುಷ್ಯರು, ಯಾರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಅವರೇ ಮುರಿದ ಕಂಬವನ್ನೆತ್ತಿ ಸಣ್ಣಯ್ಯನ ಮೊಣಕಾಲಿಗೆ ಹಾಕಿದರು. ಏಟಿಗೆ ಪೈಪಿನ ತುದಿ ಪುಡಿಯಾಗಿ, ಅವರ ಬಿಳಿ ಪಂಚೆಯ ಮೇಲೆಲ್ಲ ಕೆಂಪು ತುಕ್ಕು ಚೆಲ್ಲಿತು. ಪೈಪಿನೊಳಗಿಂದ ಇರುವೆಗಳು ದಂಡುದಂಡಾಗಿ ಹೊರಬಿದ್ದವು.

ಚೆಲುವಾಂಬ ಅದನ್ನು ನೋಡಿದರು. "ಬಿಡ್ರೀ! ಬಿಡಿ ಅವನನ್ನ!" ಎಂದು ಗಂಡನ ಕೈಯಿಂದ ಕಂಬ ಕಿತ್ತುಕೊಂಡರು. ಅದರ ತುದಿಯನ್ನು ಬೆರಳಿನಿಂದ ಒತ್ತಿದರು. ಒಡೆದ ಓಡಿನಂತೆ ಮುರಿದು ಕೈಗೆ ಬಂತು. "ನಿನ್ನೆ ಇದರ ಪಕ್ಕದಲ್ಲೇ ಮೇಧಿನಿ ಕೂತಿದ್ಲು. ಇದಕ್ಕೇ ಒರಗಿಕೊಂಡು ಹಾಡ್ತಿದ್ಲು ಕಣ್ರೀ." ಮೇಧಿನಿ ಅವರ ಮಗಳು.

ಆದರೂ ಠಾಣೆಗೆ ದೂರು ಹೋಗಿತ್ತು. ಸುದ್ದಿ ಕೇಳಿ ನಾನು ಬೇಲೂರಿಗೆ ಹೋಗುವ ಹೊತ್ತಿಗೆ ಚೆಲುವಾಂಬ ಠಾಣೆಯ ಬೆಂಚಿನ ಮೇಲೆ ಕೂತಿದ್ದರು, ದೂರು ವಾಪಸ್ ಪಡೆಯದೆ ಏಳುವುದಿಲ್ಲವೆಂದು. ಸಂಪತ್ಕುಮಾರ್ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. "ನಾನು ಹಾಗೆ ಹೊಡೆದೆನಾ?" ಎಂದು ನನ್ನನ್ನು ಕೇಳಿದರು. ಸಣ್ಣಯ್ಯ ಕುಂಟುತ್ತ ಹೊರಗೆ ಬಂದಾಗ ಅವರು ಮುಖ ತಿರುಗಿಸಿದರು. ಕುಂಟು ಅವನಿಗೆ ಕೊನೆಯ ತನಕ ಉಳಿಯಿತು.

ಕೊನೆಯದು ಹನುಮಂತಯ್ಯನ ಮನೆ. ಹನುಮಂತಯ್ಯ ತೆಂಗಿನ ತೋಟದ ರೈತ, ಅರವತ್ತು ದಾಟಿದವನು, ಸಣ್ಣಯ್ಯನಷ್ಟೇ ಮುಂಗೋಪಿ. ಬೇಲೂರಿನ ಕತೆ ಅವನ ಕಿವಿಗೂ ಬಿದ್ದಿತ್ತು. ಸಣ್ಣಯ್ಯ ಬಂದಾಗ ಕಾಯಿ ಕೆತ್ತುವ ಮಚ್ಚು ಹಿಡಿದೇ ಬಾಗಿಲಲ್ಲಿ ನಿಂತ.

"ತಟ್ಟಿ ನೋಡು. ಕೆಡವಾಕೆ ಹೋದ್ಯೋ, ಕಡಿದಾಕ್ತೀನಿ."

ಸಣ್ಣಯ್ಯ ಮೊಳೆಯಿಂದ ತಟ್ಟಿದ. ಮಡಕೆ ಸದ್ದು. "ಯಜಮಾನ್ರೇ, ಇದೂ ಅದೇ ಪೈಪು. ಈ ಮಳೆಗಾಲ ದಾಟಲ್ಲ. ಬರ್ಕೊಡ್ತೀನಿ."

"ಬೀಳೋವಾಗ ಬೀಳ್ತದೆ. ನನ್ ಮನೆ."

ಸಣ್ಣಯ್ಯ ಸುತ್ತಿಗೆ ಎತ್ತಿದ. ಹನುಮಂತಯ್ಯ ಹೇಳಿದಂತೆಯೇ ಮಾಡಿದ. ಮಚ್ಚು ಮುಂಗೈಯನ್ನು ಮೂಳೆಯ ತನಕ ಸೀಳಿತು. ಸುತ್ತಿಗೆ ಜಾರಿ ಬಿತ್ತು. ಹನುಮಂತಯ್ಯನೇ ತನ್ನ ಪಂಚೆ ಹರಿದು ಗಾಯಕ್ಕೆ ಬಿಗಿದು, ಅರಸೀಕೆರೆಯ ಆಸ್ಪತ್ರೆಗೆ ಕರೆದೊಯ್ದ. ಹಾದಿಯುದ್ದಕ್ಕೂ ಬೈಯುತ್ತಲೇ ಹೋದನಂತೆ. ಹನ್ನೊಂದು ಹೊಲಿಗೆ ಬಿತ್ತು. ಸಣ್ಣಯ್ಯ ದೂರು ಕೊಡಲಿಲ್ಲ.

ಆ ಮಳೆಗಾಲ ಚಪ್ಪರ ಬೀಳಲಿಲ್ಲ. ಮರುವರ್ಷವೂ ಬೀಳಲಿಲ್ಲ. ಗಾಳಿ ಎದ್ದ ದಿನಗಳಲ್ಲಿ ಸಣ್ಣಯ್ಯ ಅಂಗಡಿ ಬಿಟ್ಟು ಬಸ್ಸು ಹತ್ತಿ ಹೋಗಿ, ಹಳ್ಳಿಯ ಹೊರಗಿನಿಂದಲೇ ನೋಡಿ ಬರುತ್ತಿದ್ದ. ನಿಂತಿರುವುದನ್ನು ಕಂಡರೆ ಸಮಾಧಾನವಾಗಬೇಕಿತ್ತು. ಅವನ ಮುಖ ಮಾತ್ರ ಗಂಟಿಕ್ಕಿಕೊಂಡೇ ಇರುತ್ತಿತ್ತು.

ಈ ನಡುವೆ ತಿಮ್ಮೇಶ್ ಅಂಗಡಿಗೆ ಮರಳಿದ್ದ. ರುದ್ರಮ್ಮ ಕರೆತಂದಳು. ಗಂಡನನ್ನು ಕೇಳಲಿಲ್ಲ, ಹೇಳಿದಳು: "ಎಡಗೈಲಿ ಬಣ್ಣ ಹೊಡೀತಾನೆ. ಅಳತೆ ಹಿಡೀತಾನೆ. ಇಲ್ಲೇ ಇರ್ತಾನೆ." ಸಣ್ಣಯ್ಯ ತಲೆಯಾಡಿಸಿದ. ಇಬ್ಬರೂ ಒಂದೇ ಸೂರಿನಡಿ ಕೆಲಸ ಮಾಡುತ್ತಿದ್ದರು, ಮಾತು ಕಡಿಮೆ. ಸಣ್ಣಯ್ಯ ಸುತ್ತಿಗೆ ಎತ್ತಿದಾಗೆಲ್ಲ ತಿಮ್ಮೇಶ್‌ನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅದನ್ನು ನಾನೂ ನೋಡಿದ್ದೇನೆ, ಸಣ್ಣಯ್ಯನೂ ನೋಡಿದ್ದ. ಅವನಿದ್ದಾಗ ಸುತ್ತಿಗೆ ಕೆಲಸವನ್ನು ಹಿತ್ತಿಲಿಗೆ ಹೋಗಿ ಮಾಡುವುದನ್ನು ರೂಢಿ ಮಾಡಿಕೊಂಡ.

2006ರಲ್ಲಿ ಹನುಮಂತಯ್ಯ ತಾನೇ ಬಾಣಾವರಕ್ಕೆ ಬಂದ. ಮನೆ ಮುಂದೆ ಆರ್‌ಸಿಸಿ ಕೋಣೆ ಕಟ್ಟಿಸುತ್ತಿದ್ದ, ಚಪ್ಪರ ಇಳಿಸಬೇಕಿತ್ತು. "ಬಾರಯ್ಯ, ನೀನೇ ಇಳಿಸು. ಹತ್ತು ವರ್ಸ ನಿಂತೈತೆ. ಒಂದು ಮಳೆ ದಾಟಲ್ಲ ಅಂದಿದ್ದೆಯಲ್ಲ" ಎಂದು ನಕ್ಕ. ಸಣ್ಣಯ್ಯ ನಗಲಿಲ್ಲ. ತಿಮ್ಮೇಶನನ್ನೂ ಕರೆದುಕೊಂಡ, ಅಂಚೆ ಕಚೇರಿಗೆ ರಜೆಯಿದ್ದುದರಿಂದ ನಾನೂ ಜೊತೆಗೆ ಹೋದೆ.

ಶೀಟು ಬಿಚ್ಚಿ, ಅಡ್ಡ ಪೈಪು ಇಳಿಸಿ, ಕಂಬಗಳನ್ನು ಬುಡ ಸಮೇತ ಕಿತ್ತರು. ಸಣ್ಣಯ್ಯ ಒಂದು ಕಂಬವನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿದ. ಒಳಗೆ ತುಕ್ಕಿತ್ತು, ಆದರೆ ಗೋಡೆ ಎಲ್ಲೂ ತೂತು ಬಿದ್ದಿರಲಿಲ್ಲ.

ತಿಮ್ಮೇಶ್ ಬಗ್ಗಿ ನೋಡಿದ. ತೊದಲುತ್ತ ಅಂದ: "ನಿಂತಿತ್ತಲ್ಲ ಭಾವ. ನಾ ಹಾಕಿದ್ದು."

ಸಣ್ಣಯ್ಯನ ಮುಖಕ್ಕೆ ರಕ್ತ ಏರಿತು. ಸುತ್ತಿಗೆ ಎತ್ತಿದ. ತಿಮ್ಮೇಶ್ ಕಣ್ಣು ಮುಚ್ಚಿದ, ಆದರೆ ಹಿಂದೆ ಸರಿಯಲಿಲ್ಲ. ಸುತ್ತಿಗೆ ಪೈಪಿನ ಮೇಲೆ ಬಿತ್ತು. ತುಕ್ಕು ಹಿಡಿದ ಸೀಳು ಎರಡು ತುಂಡಾಗಿ ಹಾರಿ, ಒಂದು ಚೂರು ಸಣ್ಣಯ್ಯನದೇ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿಯಿತು. ಅವನು ಅದನ್ನು ಒರೆಸಲಿಲ್ಲ.

"ನಿಂತಿತ್ತು ಕಣ್ಲಾ" ಅಂದ. "ಯಾಕೆ ನಿಂತಿತ್ತು, ಕಣ್ಣು ಬಿಟ್ಟು ನೋಡು. ಪಡುವಲಾಗೆ ಎಲ್ಡು ಅಂತಸ್ತಿನ ಮನೆ ಐತೆ, ಅದ್ರಾಚೆ ಹಲಸಿನ ಮರಗಳವೆ. ಗಾಳಿಗೆ ಇಲ್ಲಿಗೆ ದಾರಿಯಿಲ್ಲ. ನೆಲಕ್ಕೆ ಚಪ್ಪಡಿ ಹಾಸೈತೆ, ಹನಿ ನೀರು ನಿಲ್ಲಲ್ಲ. ಈ ಯಜಮಾನ ಹಸಾನ ಕೊಟ್ಟಿಗೇಲಿ ಕಟ್ತಾನೆ, ವರ್ಸಾ ಬಣ್ಣ ಹೊಡೀತಾನೆ. ಅಲ್ಲಿ, ಆ ಕೆರೆ ಬಯಲಾಗೆ, ಬಚ್ಚಲ ನೀರಾಗೆ, ಇದೇ ಪೈಪು ಎಲ್ಡು ವರ್ಸಕ್ಕೆ ಒಂದ್ ಜೀವ ತಿಂತು. ನಿಂಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ ಯಾವುದು ನಿಲ್ತದೆ ಅಂತ. ಗೊತ್ತಿಲ್ದೆ ಜನದ ತಲೆ ಮ್ಯಾಲೆ ನಿಲ್ಸಿದ್ವಿ."

ತಿಮ್ಮೇಶ್ ಕಣ್ಣು ತೆರೆದಿದ್ದ. ಹೆಗಲ ಮೇಲಿನ ಟವೆಲನ್ನು ಎಡಗೈಯಲ್ಲಿ ತೆಗೆದು ಭಾವನ ಹುಬ್ಬಿಗೆ ಒತ್ತಿ ಹಿಡಿದ. ಸಣ್ಣಯ್ಯ ಬೇಡ ಅನ್ನಲಿಲ್ಲ.

ಹನುಮಂತಯ್ಯ ಒಳಗಿಂದ ಮಜ್ಜಿಗೆ ತರಿಸಿದ. ಗುಜರಿಯವನ ಗಾಡಿ ರಸ್ತೆಯಲ್ಲಿ ಬಂದು ನಿಂತಿತ್ತು, ಯಾರೋ ಹೇಳಿಕಳಿಸಿದ್ದರು. ಸಣ್ಣಯ್ಯ ಅವನನ್ನು ಬೈದು ಓಡಿಸಿದ. ಈ ಪೈಪು ಕೊಟ್ಟರೆ ಇನ್ನೊಬ್ಬ ಕೊಂಡು ಬಣ್ಣ ಹೊಡೆಯುತ್ತಾನೆ. ಆಮೇಲೆ ಸಂಜೆಯ ತನಕ ಸಣ್ಣಯ್ಯ ಅಂಗಳದಲ್ಲೇ ಕೂತು ಒಂದೊಂದು ಕಂಬವನ್ನೂ ಗೇಣುದ್ದದ ತುಂಡಾಗಿ ಕೊಯ್ದ, ಯಾವ ಕೆಲಸಕ್ಕೂ ಬಾರದಂತೆ. ಹುಬ್ಬಿನ ಗಾಯದಿಂದ ರಕ್ತ ಆಗಾಗ ಒಸರುತ್ತಿತ್ತು. ತಿಮ್ಮೇಶ್ ಪೈಪಿನ ಇನ್ನೊಂದು ತುದಿಯನ್ನು ಅಲುಗದಂತೆ ಎರಡು ಪಾದಗಳಿಂದ ಒತ್ತಿ ಹಿಡಿದಿದ್ದ.